ರೋಹಿಣಿ ಮಳೆಯೂ ರೋಹಿಣಿ ನಕ್ಷತ್ರವೂ: ಬೆಂಗಳೂರಿನ ತಾರಾಲಯದಲ್ಲಿ ಒಂದು ದಿನ

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದಿಂದ ನಾವು ನಾಲ್ಕು ಮನೆಗಳವರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟದ್ದು ಕಳೆದ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ. ರೋಹಿಣಿ ಮಳೆ ಕೂಡಿ ಎರಡು ದಿನಗಳಾಗಿದ್ದವು. ಹೊಲ ಹರಗಿಸಿ ಮುಗಿಲು ನೋಡುತ್ತ ಕುಳಿತಿದ್ದ ನಮ್ಮ ಹಿರಿಯರೊಬ್ಬರು ಮೊದಲು ಬರಲೊಪ್ಪಲಿಲ್ಲ. "ಚುಕ್ಕಿ ನೋಡಾಕ ಬೆಂಗಳೂರಿಗೆ ಯಾಕ ಹೋಗಬೇಕು? ಅಂಗಳದಾಗ ಮಲಗಿದ್ರ ಸಾಲದೇನು?" ಎಂದರು. "ತಾತಾ, ಅಂಗಳದಾಗ ಈಗ ಎಷ್ಟು ಚುಕ್ಕಿ ಕಾಣ್ತಾವ, ನೀನೇ ಎಣಿಸು" ಎಂದು ಮೊಮ್ಮಗ ಕೇಳಿದಾಗ ಅವರು ಸುಮ್ಮನಾದರು.

ಹುಡುಗನ ಮಾತು ಸುಳ್ಳಲ್ಲ. ಕತ್ತಲೆಯ ಊರಿನಲ್ಲಿ ಒಂದೇ ವೇಳೆಗೆ ಬರಿಗಣ್ಣಿಗೆ ಎರಡೂವರೆ ಸಾವಿರಕ್ಕೂ ಮಿಗಿಲಾದ ನಕ್ಷತ್ರಗಳು ಕಾಣುತ್ತವೆ. ಇಂದು ನಮ್ಮ ಸುತ್ತಣ ರಸ್ತೆ, ಕಾರ್ಖಾನೆ, ಅಂಗಡಿಗಳ ದೀಪಗಳ ಬೆಳಕು ಆಕಾಶದ ಅಂಚನ್ನೆಲ್ಲ ಮಸುಕುಗೊಳಿಸಿದೆ. ಆ ದೀಪಗಳಿಂದ ಅನೇಕ ಮನೆಗಳ ಒಲೆ ಉರಿಯುತ್ತಿರುವುದೂ ನಿಜವೇ. ಆದರೆ ಆಕಾಶಗಂಗೆಯನ್ನು ಕಾಣದ ಮಕ್ಕಳು ಹಳ್ಳಿಯಲ್ಲಿಯೇ ಬೆಳೆಯುತ್ತಿದ್ದಾರೆಂಬುದನ್ನು ಅದುವರೆಗೆ ನಾವು ಯೋಚಿಸಿರಲಿಲ್ಲ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಳಗಿಗೆ ಬೆಂಗಳೂರು ತಲುಪಿದೆವು. ಹೈಗ್ರೌಂಡ್ಸ್ ಪ್ರದೇಶದ ಟಿ. ಚೌಡಯ್ಯ ರಸ್ತೆಯಲ್ಲಿ ಜವಾಹರಲಾಲ್ ನೆಹರೂ ತಾರಾಲಯವಿದೆ. 1989ರಲ್ಲಿ ಬೆಂಗಳೂರು ನಗರಪಾಲಿಕೆಯು ಕಟ್ಟಿಸಿದ ಇದನ್ನು 1992ರಿಂದ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘವು ನಡೆಸಿಕೊಂಡು ಬಂದಿದೆ. ನಮ್ಮ ಭಾಗದವರು ಅಭಿಮಾನಪಡುವ ಸಂಗತಿಯೊಂದು ಇಲ್ಲಿದೆ. ಈ ಸಂಘದ ಅಧ್ಯಕ್ಷರಾಗಿದ್ದ ಪ್ರೊ. ಯು. ಆರ್. ರಾವ್ ಅವರು ಉಡುಪಿ ಸಮೀಪದ ಅದಮಾರಿನಲ್ಲಿ ಜನಿಸಿದವರಾದರೂ ಇಂಟರ್‌ಮೀಡಿಯೆಟ್ ಓದಿದ್ದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ. 1975ರ ಏಪ್ರಿಲ್ 19ರಂದು ಗಗನಕ್ಕೇರಿದ ಭಾರತದ ಮೊದಲ ಉಪಗ್ರಹ 'ಆರ್ಯಭಟ'ದ ನಿರ್ಮಾಣದ ಹೊಣೆ ಹೊತ್ತವರು ಇವರೇ. 2017ರಲ್ಲಿ ಅವರು ನಿಧನರಾದರು.

ತಾರಾಲಯದ ಗುಮ್ಮಟದ ವ್ಯಾಸ 15 ಮೀಟರು. ಒಳಗೆ ಒರಗುವ ಕುರ್ಚಿಗಳಲ್ಲಿ ಕುಳಿತಂತೆ ದೀಪಗಳು ಮೆಲ್ಲಮೆಲ್ಲನೆ ಆರಿದವು. ಇಂಥ ಯಂತ್ರದಿಂದ ಕೋಣೆಯೊಳಗೆ ಆಕಾಶವನ್ನು ಮೂಡಿಸುವ ವಿದ್ಯೆ ಜರ್ಮನಿಯ ಜೈಸ್ ಕಾರ್ಖಾನೆಯದು. ಮ್ಯೂನಿಕ್‌ನಲ್ಲಿ 1923ರಲ್ಲಿ ಮೊದಲ ಪ್ರದರ್ಶನ ನಡೆಯಿತು. ಅಂದು ರಾತ್ರಿ ನೆತ್ತಿಯ ಮೇಲೆ ಬರಲಿದ್ದ ಸಪ್ತರ್ಷಿ ಮಂಡಲ, ಸ್ವಾತಿ, ಚಿತ್ತಾ ನಕ್ಷತ್ರಗಳನ್ನು ಒಂದೊಂದಾಗಿ ತೋರಿಸಿದರು. ಗುಮ್ಮಟ ನಡುರಾತ್ರಿಗೆ ಸರಿದಾಗ ಪೂರ್ವದಿಂದ ಆಕಾಶಗಂಗೆ ಏರಿ ಬಂತು. ಮಕ್ಕಳು ಉಸಿರು ಬಿಗಿಹಿಡಿದರು. ಹಿರಿಯರು ಮಾತ್ರ ಸಮಾಧಾನದಿಂದ, "ಇದು ನನಗ ಗೊತ್ತು" ಎಂದು ಪಿಸುಗುಟ್ಟಿದರು.

ಹೊರಬಂದ ಮೇಲೆ ಅವರು ವಿವರಣೆ ನೀಡುತ್ತಿದ್ದವರನ್ನು ತಡೆದು ಕೇಳಿದ ಪ್ರಶ್ನೆ ನಮ್ಮೆಲ್ಲರನ್ನೂ ನಿಲ್ಲಿಸಿತು: "ಈಗ ರೋಹಿಣಿ ಮಳಿ ನಡದೈತಿ. ರೋಹಿಣಿ ಚುಕ್ಕಿ ಯಾಕ ತೋರಿಸಲಿಲ್ಲ?"

ಉತ್ತರ ಸರಳವಾಗಿತ್ತು. ಭೂಮಿ ಸೂರ್ಯನನ್ನು ಸುತ್ತುವುದರಿಂದ ಸೂರ್ಯನೇ ವರ್ಷವಿಡೀ 27 ನಕ್ಷತ್ರಗಳ ಮುಂದೆ ಹಾದುಹೋಗುವಂತೆ ನಮಗೆ ಕಾಣುತ್ತದೆ. ಒಂದೊಂದರಲ್ಲಿ ಹದಿಮೂರು-ಹದಿನಾಲ್ಕು ದಿನ. ಸೂರ್ಯನು ರೋಹಿಣಿಯಲ್ಲಿರುವಾಗ ಬರುವ ಮಳೆಯೇ ರೋಹಿಣಿ ಮಳೆ. ಆದುದರಿಂದ ಆ ದಿನಗಳಲ್ಲಿ ಆ ನಕ್ಷತ್ರ ಸೂರ್ಯನೊಡನೆಯೇ ಹುಟ್ಟಿ ಸೂರ್ಯನೊಡನೆಯೇ ಮುಳುಗುತ್ತದೆ, ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಮಳೆ ನಕ್ಷತ್ರಗಳ ಹೆಸರು ಹೇಳುತ್ತಲೇ ಬೆಳೆದ ನಾವು ಇದನ್ನು ಯಾರನ್ನೂ ಕೇಳಿರಲಿಲ್ಲ. ಅವರು ಇನ್ನೊಂದು ವಿಷಯವನ್ನೂ ಹೇಳಿದರು: ಭೂಮಿಯ ಅಕ್ಷ ಬುಗುರಿಯಂತೆ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ಓಲಾಡುವುದರಿಂದ, ಈ ಮಳೆಗಳ ತಾರೀಖು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ.

"ಅದಕ್ಕೇನು ಮಳಿ ಹೊತ್ತಿಗೆ ಬರೋದಿಲ್ಲ?" ಎಂದರು ಹಿರಿಯರು. ಒಬ್ಬರ ಆಯುಷ್ಯದಲ್ಲಿ ಸರಿಯುವುದು ಒಂದೇ ದಿನ, ಮಳೆ ತಪ್ಪುವುದಕ್ಕೆ ಅದಷ್ಟೇ ಕಾರಣವಾಗಲಾರದು ಎಂದು ಆ ತರುಣ ನಗುತ್ತ ಉತ್ತರಿಸಿದ. ಹಿರಿಯರಿಗೆ ಅದು ಅಷ್ಟಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಅಂಗಳದ ವಿಜ್ಞಾನ ಉದ್ಯಾನದಲ್ಲಿ ಮುಟ್ಟಿ, ತಿರುಗಿಸಿ ನೋಡುವ ಮಾದರಿಗಳಿವೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು. ಹೋಗುವವರಿಗೆ ಒಂದು ಸೂಚನೆ: ಸೋಮವಾರ ರಜೆ, ಕನ್ನಡ ಹಾಗೂ ಇಂಗ್ಲಿಷ್ ಪ್ರದರ್ಶನಗಳಿಗೆ ಬೇರೆ ಬೇರೆ ವೇಳೆಗಳಿರುವುದರಿಂದ ಕೇಳಿಕೊಂಡೇ ಚೀಟಿ ಕೊಳ್ಳಬೇಕು. ಹೋಗಲಾಗದವರು ಮನೆಯಂಗಳದಲ್ಲೇ ಒಂದು ನೇರ ಕೋಲು ನೆಟ್ಟು ನೋಡಬಹುದು. ನಮ್ಮ ಸಂಡೂರು, ಹೊಸಪೇಟೆ ಕಡೆ ಮೇ ತಿಂಗಳ ಮೊದಲ ದಿನಗಳಲ್ಲಿ ಹಾಗೂ ಆಗಸ್ಟ್ ಎರಡನೆಯ ವಾರದಲ್ಲಿ, ನಡುಹಗಲಿಗೆ ಅದರ ನೆರಳು ಬುಡದಲ್ಲೇ ಅಡಗಿಹೋಗುತ್ತದೆ.

ಈ ವರ್ಷ ಪುಷ್ಯ ಮಾಸದ ಅಮಾವಾಸ್ಯೆಯ ಹಿಂದುಮುಂದಿನ ಒಂದು ರಾತ್ರಿ, ಊರ ದೀಪಗಳಿಗೆ ಮರೆಯಾದ ಗುಡ್ಡದ ಹಿಂದಿನ ಹೊಲಕ್ಕೆ ಮಕ್ಕಳನ್ನು ಅದೇ ಹಿರಿಯರು ಕರೆದೊಯ್ದರು. ನೆತ್ತಿಯ ಬಳಿ ಕೃತ್ತಿಕೆಯ ಗೊಂಚಲು, ಅದರ ಪೂರ್ವಕ್ಕೆ ಕೆಂಪಾಗಿ ರೋಹಿಣಿ. ಕೃತ್ತಿಕೆಯಲ್ಲಿ ತಾತನಿಗೆ ಆರು ಚುಕ್ಕಿಗಳು ಕಂಡವು, ಮೊಮ್ಮಗನಿಗೆ ಏಳು. ಕಂಬಳಿ ಹೊದ್ದು ಅವರಿಬ್ಬರೂ ಮತ್ತೆ ಮೊದಲಿನಿಂದ ಎಣಿಸತೊಡಗಿದರು.