ಕಡಲಗಾಳಿಯ ಊರಿನಲ್ಲಿ ಗಾಳಿಯ ಲೆಕ್ಕ

ಮಂಗಳೂರಿನವರಿಗೆ ಗಾಳಿಯ ವಿಷಯದಲ್ಲಿ ಒಂದು ಧೈರ್ಯ: ಪಕ್ಕದಲ್ಲೇ ಕಡಲಿದೆ, ಹೊಗೆ ಎಲ್ಲಿ ನಿಂತೀತು! ಮಳೆಗಾಲದ ಮಟ್ಟಿಗೆ ಇದನ್ನು ಒಪ್ಪೋಣ. ಕರಾವಳಿಯ ಮಳೆಗೆ ಧೂಳು ಉಳಿಯುವುದಿಲ್ಲ. ತಕರಾರಿರುವುದು ಡಿಸೆಂಬರಿನಿಂದ ಮಾರ್ಚ್‌ವರೆಗಿನ ದಿನಗಳ ಬಗ್ಗೆ.

ಕೂಳೂರಿನಲ್ಲಿ ಫಲ್ಗುಣಿ ನದಿ ದಾಟಿದರೆ ಊರಿನ ಚಹರೆಯೇ ಬದಲು. 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರು, ರಸಗೊಬ್ಬರ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಆಚೆಗೆ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬುಲೆಟ್ ಟ್ಯಾಂಕರುಗಳ ಸಾಲು. ಜೋಕಟ್ಟೆ, ಕಳವಾರಿನ ಜನ ಆ ಶುದ್ಧೀಕರಣಾಗಾರದ ಕೋಕ್ ಪುಡಿಯ ವಿರುದ್ಧ ಬೀದಿಗಿಳಿದದ್ದೂ ಇದೇ ಸೀಮೆಯಲ್ಲಿ.

ಇನ್ನು ಗಾಳಿ. ಬೇಸಿಗೆಯ ಮಧ್ಯಾಹ್ನ ನೆಲ ಕಾದಾಗ ವಾಯವ್ಯದಿಂದ ಸಮುದ್ರಗಾಳಿ ಬೀಸುತ್ತದೆ. ಪಣಂಬೂರು ಇರುವುದೂ ನಗರದ ವಾಯವ್ಯಕ್ಕೇ! ಅಂದರೆ ನಮಗೆ ತಂಪು ತರುವ ಗಾಳಿ ಬಂದರಿನ ಮೇಲಿಂದಲೇ ಹಾದು ಬರಬಹುದು. ಎತ್ತರದ ಚಿಮಣಿಯ ಹೊಗೆ ಕಡಲಂಚಿನಲ್ಲಿ ಮೇಲೆ ಮೇಲೆಯೇ ತೇಲುತ್ತ ಬಂದು, ಕಾದ ನೆಲದ ಮೇಲಿನ ಕದಡಿದ ಗಾಳಿಗೆ ಸಿಕ್ಕಿ ಒಮ್ಮೆಲೇ ಕೆಳಗಿಳಿಯುವುದೂ ಉಂಟು. ಆಗ ಚಿಮಣಿಯ ಬುಡದಲ್ಲಿರುವವರಿಗಿಂತ ಒಂದೆರಡು ಮೈಲಿ ಒಳಗಿರುವವರಿಗೇ ತೊಂದರೆ ಹೆಚ್ಚು. ರಾತ್ರಿ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹೊರಡುತ್ತದೆ, ಆದರೆ ಬಲವಿರುವುದಿಲ್ಲ. ಹಾಗಾಗಿ ಚಳಿಗಾಲದ ಬೆಳಗ್ಗೆ ವಾಹನಗಳ ಹೊಗೆ ತಗ್ಗಿನಲ್ಲೇ ಕೂತಿರುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಮಂಗಳೂರು ಎಂದು ಹುಡುಕಿದರೆ ಸಿಗುವುದು ನಗರದೊಳಗಿನ ಕದ್ರಿ. ರಾಜ್ಯ ಮಂಡಳಿಯ ನಿರಂತರ ಮಾಪನ ಕೇಂದ್ರ ಅಲ್ಲಿದೆ. ಇಂಥ ಕೇಂದ್ರಗಳಲ್ಲಿ ಧೂಳಿನ ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವ ಯಂತ್ರದೊಳಗೆ ಬಿಳಿಯ ಪಟ್ಟಿಯ ಸುರುಳಿಯೊಂದಿರುತ್ತದೆ. ಹೀರಿದ ಗಾಳಿಯ ಧೂಳು ಅದರ ಮೇಲೆ ದುಂಡಗೆ ಕೂರುತ್ತದೆ. ಬೀಟಾ ಕಿರಣ ಆ ಚುಕ್ಕೆಯನ್ನು ದಾಟುವಾಗ ಎಷ್ಟು ಕುಂದುತ್ತದೆಂದು ಅಳೆದು ಯಂತ್ರ ತೂಕ ಹೇಳುತ್ತದೆ. ಗಂಟೆ ಕಳೆಯಿತೇ, ಪಟ್ಟಿ ಮುಂದೆ ಸರಿಯುತ್ತದೆ. ಹಳೆಯ ಪಟ್ಟಿಯನ್ನು ಬಿಚ್ಚಿ ಹಿಡಿದರೆ ಬೂದು ಚುಕ್ಕೆಗಳ ಸಾಲು. ಎಲ್ಲಿ ಕಪ್ಪು ಗಾಢವಾಗಿದೆಯೋ ಆ ಗಂಟೆಯ ಗಾಳಿ ಕೆಟ್ಟಿತ್ತೆಂದು ಯಾರು ಬೇಕಾದರೂ ಹೇಳಬಹುದು. ಕೈಯಿಂದ ನಡೆಸುವ ಹಳೆಯ ಪದ್ಧತಿಯಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ಬಾರಿ ಅಳತೆ. ಉಳಿದ ದಿನಗಳ ಕಥೆ ಗಾಳಿಗೇ ಗೊತ್ತು.

ಕಡಲೂರಿನಲ್ಲಿ ಈ ಕೆಲಸ ಸಲೀಸಲ್ಲ. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಅಲೆಯಿಂದೆದ್ದ ಉಪ್ಪಿನ ಕಣವೂ ಪಿಎಂ10ರ, ಅಂದರೆ 10 ಮೈಕ್ರಾನ್‌ವರೆಗಿನ ಕಣಗಳ, ಲೆಕ್ಕಕ್ಕೇ ಸೇರುತ್ತದೆ. ತೇವ ಹೆಚ್ಚಾದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ, ಮನೆಗೆ ತರುವ ಅಗ್ಗದ ಸೆನ್ಸರುಗಳು ಇರುವುದಕ್ಕಿಂತ ಹೆಚ್ಚೇ ತೋರಿಸುತ್ತವೆ. ಒಳ್ಳೆಯ ಯಂತ್ರಗಳಲ್ಲಿ ಗಾಳಿಯನ್ನು ಬಿಸಿಮಾಡಿ ತೇವ ಕಳೆದೇ ಒಳಗೆ ಬಿಡುತ್ತಾರೆ.

ಅಂಕಿಯನ್ನು ಓದುವುದಕ್ಕೂ ಎಚ್ಚರ ಬೇಕು. 2015ರಲ್ಲಿ ಜಾರಿಗೆ ಬಂದ ವಾಯು ಗುಣಮಟ್ಟ ಸೂಚ್ಯಂಕ ಎಂಟು ಮಾಲಿನ್ಯಕಾರಕಗಳ ಸರಾಸರಿಯಲ್ಲ. ಅಳೆದವುಗಳಲ್ಲಿ ಅತಿ ಕೆಟ್ಟದ್ದು ಯಾವುದೋ ಅದೇ ಆ ಹೊತ್ತಿನ ಸೂಚ್ಯಂಕ. 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ. ಆದರೆ ನಮ್ಮ ಮಾನದಂಡವೇ ಸಡಿಲ. ಇನ್ನೂ ಸಣ್ಣ ಕಣಗಳಾದ ಪಿಎಂ2.5ಕ್ಕೆ ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಆ್ಯಪ್‌ನ ಹಸಿರು ಬಣ್ಣ ಕಂಡು ಪೂರಾ ನಿರಾಳವಾಗುವಂತಿಲ್ಲ.

ಕದ್ರಿಯ ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಗುಡ್ಡದ ಮೇಲಿನ ಕದ್ರಿಯ ಅಂಕಿ, ಅಷ್ಟೆ. ಪಣಂಬೂರು, ಜೋಕಟ್ಟೆ, ಕೂಳೂರುಗಳ ಗಂಟೆಗಂಟೆಯ ಲೆಕ್ಕವೂ ಹಾಗೆಯೇ ಜನರ ಮೊಬೈಲಿಗೆ ಬರಬೇಕು. ಹೊಗೆ ಏಳುವ ಕಡೆಯೇ ಯಂತ್ರ ಇಡಿ ಎಂದು ಕೇಳುವುದು ಪಾಲಿಕೆಗೂ ಶಾಸಕರಿಗೂ ಭಾರದ ಕೆಲಸವೇನಲ್ಲ.