ಕೇಳಿ ಕಳಿಸುವುದು, ಕೇಳದೆ ಕಳಿಸುವುದು

ಏಪ್ರಿಲ್ ಬಂತೆಂದರೆ ನಮ್ಮ ಅಂಧೇರಿಯ ಮನೆಯಲ್ಲಿ ಎರಡು ಪಕ್ಷ. ನಮ್ಮವರಿಗೆ ಬೆಂಗಳೂರು ತಂಡ, ಇಲ್ಲೇ ಹುಟ್ಟಿ ಬೆಳೆದ ಮಗನಿಗೆ ಮುಂಬಯಿ ತಂಡ. ಎರಡೂ ಪಕ್ಷಗಳಿಗೆ ಚಹಾ ಒದಗಿಸುವವಳು ನಾನು.

2009ರಲ್ಲಿ ಐಪಿಎಲ್‌ನ ಎರಡನೇ ವರ್ಷದ ಪಂದ್ಯಗಳಿಗೆ ಮುನ್ನ ಒಂದು ಅದಲುಬದಲು ನಡೆಯಿತು. ಮುಂಬಯಿ ತಂಡದಲ್ಲಿದ್ದ ಕೊಡಗಿನ ರಾಬಿನ್ ಉತ್ತಪ್ಪ ಬೆಂಗಳೂರಿಗೆ, ಬೆಂಗಳೂರು ತಂಡದಲ್ಲಿದ್ದ ಮಹಾರಾಷ್ಟ್ರದ ಜಹೀರ್ ಖಾನ್ ಮುಂಬಯಿಗೆ. "ನಮ್ಮ ಹುಡುಗ ನಮ್ಮೂರಿಗೆ ಬಂದ" ಎಂದು ಇವರಿಗೆ ಖುಷಿ. ಆಗ ಒಂಬತ್ತು ವರ್ಷದವನಾಗಿದ್ದ ಮಗ ಮಾತ್ರ ಮುಖ ಸಣ್ಣದು ಮಾಡಿಕೊಂಡು, "ಅಮ್ಮಾ, ಅವರನ್ನು ಕೇಳಿದ್ರಾ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಉತ್ತಪ್ಪ ಅವರೇ, ತಮಗೆ ಮುಂಬಯಿ ಬಿಡುವ ಮನಸ್ಸಿರಲಿಲ್ಲ, ಕಾಗದಕ್ಕೆ ಸಹಿ ಹಾಕಲು ಮೊದಲು ಒಪ್ಪಿರಲಿಲ್ಲ ಎಂದು ಹೇಳಿಕೊಂಡರು. ಒಂಬತ್ತು ವರ್ಷದ ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು!

ಯುವ ಮಿತ್ರರೇ, ಆಟಗಾರರ ಈ ಕೊಡುಕೊಳ್ಳುವಿಕೆಯನ್ನು ಅಮೆರಿಕದವರು ತಮ್ಮ ಬೇಸ್‌ಬಾಲ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಮಾಡುತ್ತಾ ಬಂದಿದ್ದಾರೆ. ಪ್ರತಿ ವರ್ಷ ಜುಲೈ ಕೊನೆಯ ಹೊತ್ತಿಗೆ ಅದಕ್ಕೊಂದು ಗಡುವು. ಗೆಲ್ಲುವ ಆಸೆಯಿರುವ ತಂಡ ಅನುಭವಿಗಳನ್ನು ತರುತ್ತದೆ, ಸೋತು ಕೂತ ತಂಡ ಅವರನ್ನು ಕೊಟ್ಟು ಎಳೆಯರನ್ನು ಪಡೆಯುತ್ತದೆ. ಬೆಳಿಗ್ಗೆ ಒಂದು ಊರಿನ ಆಟಗಾರ ಸಂಜೆಗೆ ಇನ್ನೊಂದು ಊರಿನವನು. ಹೆಂಡತಿಯ ನೌಕರಿ, ಮಕ್ಕಳ ಶಾಲೆ ಎಲ್ಲ ಆಮೇಲಿನ ಮಾತು.

ಇದಕ್ಕೆ "ಒಲ್ಲೆ" ಎಂದವರು ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರ. ಹನ್ನೆರಡು ವರ್ಷ ಸೇಂಟ್ ಲೂಯಿಸ್ ತಂಡಕ್ಕೆ ಆಡಿದ ಅವರನ್ನು 1969ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟರು. ತಾನು ಕೊಂಡು ಮಾರುವ ಸ್ವತ್ತಲ್ಲ ಎಂದು ಅವರು ಬೇಸ್‌ಬಾಲ್ ಆಯುಕ್ತರಿಗೆ ಪತ್ರ ಬರೆದರು. 1970ರಲ್ಲಿ ಆಡಲೇ ಇಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 1972ರಲ್ಲಿ 5-3 ಮತಗಳಿಂದ ಸೋತರು. ಆದರೆ ಮರುವರ್ಷವೇ ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದಲ್ಲಿ ಹೊಸ ನಿಯಮ ಬಂತು. ಹತ್ತು ವರ್ಷ ದೊಡ್ಡ ಲೀಗ್‌ನಲ್ಲಿ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಕಳಿಸುವಂತಿಲ್ಲ. ಉಳಿದವರು ಅಂಥದ್ದೇ ಷರತ್ತನ್ನು ತಮ್ಮ ಕರಾರಿನಲ್ಲಿ ಚೌಕಾಶಿ ಮಾಡಿ ಬರೆಸಿಕೊಳ್ಳಬೇಕು. ಫ್ಲಡ್ ನೆಟ್ಟ ಮರದ ಹಣ್ಣು ಬೇರೆಯವರ ಪಾಲಾಯಿತು.

ಈ ಷರತ್ತಿದ್ದರೆ ಆಟಗಾರ ಹೋಗುವುದೇ ಇಲ್ಲ ಎಂದಲ್ಲ. ತಂಡದವರು ಅವನೊಡನೆ ಕೂತು ಮಾತಾಡಬೇಕು, ಅಷ್ಟೇ. ನಮ್ಮ ಐಪಿಎಲ್‌ನಲ್ಲೂ ಈಗ ಆಟಗಾರನ ಒಪ್ಪಿಗೆಯಿಲ್ಲದೆ ಅದಲುಬದಲು ಆಗದು. ರವೀಂದ್ರ ಜಡೇಜಾ ಅವರನ್ನೇ ನೋಡಿ. ರಾಜಸ್ಥಾನದ ಕರಾರನ್ನು ನವೀಕರಿಸದೆ ಬೇರೆ ತಂಡದೊಡನೆ ಮಾತಿಗಿಳಿದರೆಂದು 2010ರಲ್ಲಿ ಒಂದು ವರ್ಷ ಹೊರಗೆ ಕೂತರು. 2025ರ ನವೆಂಬರ್‌ನಲ್ಲಿ ಅದೇ ಜಡೇಜಾ, ಚೆನ್ನೈಯಿಂದ ಅದೇ ರಾಜಸ್ಥಾನಕ್ಕೆ ಕ್ರಮಬದ್ಧವಾಗಿ ಮರಳಿದರು. ಸಂಜು ಸ್ಯಾಮ್ಸನ್ ಚೆನ್ನೈಗೆ ಬಂದರು. ಜಡೇಜಾ ಅವರ ಸಂಭಾವನೆ 18 ಕೋಟಿಯಿಂದ 14 ಕೋಟಿಗೆ ಇಳಿದರೂ, ಅದು ಒಪ್ಪಿ ಇಳಿದದ್ದು.

ಇದನ್ನೆಲ್ಲ ಗೃಹಿಣಿಯೊಬ್ಬಳು ಏಕೆ ಬರೆಯುತ್ತಾಳೆ ಎಂದಿರಾ? ಕೇಳದೆ ಕಳಿಸುವುದೆಂದರೇನೆಂದು ನನಗೂ ಗೊತ್ತು. ಮಗ ನಾಲ್ಕನೆಯ ತರಗತಿಯಲ್ಲಿದ್ದಾಗ, ಶಾಲೆ ಶುರುವಾಗಿ ತಿಂಗಳಾಗಿತ್ತು, ಇವರಿಗೆ ದೂರದ ಊರಿಗೆ ವರ್ಗವಾಯಿತು. "ನೇಮಕದ ಕಾಗದದಲ್ಲೇ ಬರೆದಿದೆಯಲ್ಲ" ಎಂದರಂತೆ ಆಫೀಸಿನಲ್ಲಿ. ಹಳೆಯ ಕಾಗದ ತೆಗೆದು ನೋಡಿದೆವು. ಬರೆದಿತ್ತು. ನಾವು ಓದಿರಲಿಲ್ಲ. ಮೂರು ವರ್ಷ ಇವರು ಅಲ್ಲಿ, ನಾವಿಬ್ಬರು ಇಲ್ಲಿ. ಮಗ ಸೈಕಲ್ ಕಲಿತದ್ದನ್ನು ಇವರು ಫೋನಿನಲ್ಲಿ ಕೇಳಿದರು.

ಮೊನ್ನೆ ಮಗನಿಗೆ ಹೊಸ ಕೆಲಸದ ಪತ್ರ ಬಂತು. ಸಂಬಳದ ಅಂಕಿ ನೋಡಿ ಪೆನ್ನು ತೆಗೆದ. "ತಡಿ ಮಗಾ" ಎಂದು ನಾನೇ ಕೂತು ಓದಿದೆ. ಬಿ.ಎ. ಇಂಗ್ಲಿಷ್ ಓದಿದ್ದು ಆ ದಿನ ಉಪಯೋಗಕ್ಕೆ ಬಂತು! ಒಂಬತ್ತನೆಯ ಕಲಮಿನಲ್ಲಿತ್ತು: ದೇಶದ ಯಾವ ಊರಿಗೂ, ಯಾವಾಗ ಬೇಕಾದರೂ. ಮಗ ಬರೆದು ಕೇಳಿದ. ಕಲಮು ತೆಗೆಯಲಿಲ್ಲ, ಆದರೆ ಎರಡು ತಿಂಗಳ ಮುನ್ಸೂಚನೆ ಕೊಡುತ್ತೇವೆಂದು ಸೇರಿಸಿದರು. ಕೇಳದಿದ್ದರೆ ಅದೂ ಇಲ್ಲ.

ನೀವೆಲ್ಲ ಈಗ ಕೆಲಸಕ್ಕೆ ಸೇರುವ ವಯಸ್ಸಿನವರು. ಊರು ಬಿಟ್ಟು ಊರಿಗೆ ಹೋಗುವುದು ತಪ್ಪಲ್ಲ. ನಮ್ಮ ಹಿರಿಯರು ಹಾಗೆ ಬಂದದ್ದರಿಂದಲೇ ನಾವು ಅಂಧೇರಿಯಲ್ಲಿದ್ದೇವೆ. ಹೋಗಿ, ಆದರೆ ಓದಿ, ಕೇಳಿ, ಒಪ್ಪಿ ಹೋಗಿ. ಸಹಿ ಹಾಕಿದ ಮೇಲೆ ಕೇಳುವ ಪ್ರಶ್ನೆಗೆ ಬೆಲೆ ಕಡಿಮೆ.