ಕೊಳಲಿನ ಉಸಿರು, ಪದದ ಯತಿ

ಗಾಯಕನು ಸಾಹಿತ್ಯವನ್ನು ಉಚ್ಚರಿಸುತ್ತಾನೆ. ಕೊಳಲುವಾದಕನ ತುಟಿಗೆ ಆ ಅವಕಾಶವಿಲ್ಲ. ಆದರೂ ಕೀರ್ತನೆಯನ್ನು ಬಲ್ಲ ಶ್ರೋತೃವು ಉತ್ತಮ ಕೊಳಲುವಾದನದಲ್ಲಿ ಪದಗಳನ್ನೇ ಕೇಳಿದಂತೆ ಅನುಭವಿಸುತ್ತಾನೆ. ಇದು ಹೇಗೆ ಸಾಧ್ಯವಾಗುತ್ತದೆ ಎಂಬುದಕ್ಕೆ ಶಶಾಂಕ್ ಸುಬ್ರಹ್ಮಣ್ಯಂ ಅವರ ಶಿಕ್ಷಣಕ್ರಮವು ಒಳ್ಳೆಯ ನಿದರ್ಶನ.

ಶಶಾಂಕ್ ಅವರು 1978ರಲ್ಲಿ ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ ಜನಿಸಿದರು. ಸಂಗೀತಗಾರರ ಊರೆಂದೇ ಅದು ಪ್ರಸಿದ್ಧ. ತಂದೆಯವರೇ ಮೊದಲ ಗುರು. ಮುಂದೆ ಅವರು ಆಶ್ರಯಿಸಿದ್ದು ಗಾಯಕರನ್ನು: ಕರ್ನಾಟಕ ಸಂಗೀತಕ್ಕೆ ಆರ್.ಕೆ. ಶ್ರೀಕಂಠನ್ ಮತ್ತು ಪಾಲ್ಘಾಟ್ ಕೆ.ವಿ. ನಾರಾಯಣಸ್ವಾಮಿ, ಹಿಂದೂಸ್ತಾನಿಗೆ ಪಂಡಿತ್ ಜಸರಾಜ್. ಹನ್ನೆರಡರ ಎಳೆವಯಸ್ಸಿನಲ್ಲಿಯೇ ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಹಿರಿಯ ಕಲಾವಿದರಿಗೆ ಮೀಸಲಾದ ವೇಳೆಯಲ್ಲಿ ಕಛೇರಿ ನೀಡಿದರು. 2017ನೆಯ ಸಾಲಿನ ಸಂಗೀತ ನಾಟಕ ಅಕಾಡೆಮಿ ಪುರಸ್ಕಾರವೂ ಅವರಿಗೆ ಸಂದಿತು.

ಕೊಳಲುವಾದಕನಿಗೆ ಗಾಯಕನು ಗುರುವಾಗುವುದರಲ್ಲಿ ಅಚ್ಚರಿಯಿಲ್ಲ. ‘ಮಾಲಿ’ ಎಂದು ಖ್ಯಾತರಾದ ಟಿ.ಆರ್. ಮಹಾಲಿಂಗಂ (1926–1986) ಅವರು ಕಂಠದ ಗಮಕಗಳನ್ನು ಕೊಳಲಿಗೆ ತಂದವರಲ್ಲಿ ಪ್ರಮುಖರು. ರಂಧ್ರವನ್ನು ಪೂರ್ತಿ ತೆರೆಯದೆ, ಪೂರ್ತಿ ಮುಚ್ಚದೆ, ಬೆರಳನ್ನು ಜಾರಿಸಿ ಸ್ವರದಿಂದ ಸ್ವರಕ್ಕೆ ಸಾಗಿದಾಗ ಬಿದಿರು ಹಾಡತೊಡಗುತ್ತದೆ. ಹಾಗೆ ಹಾಡಿಸಬೇಕಾದರೆ ವಾದಕನು ಮೊದಲು ತಾನು ಹಾಡಬಲ್ಲವನಾಗಿರಬೇಕು.

ಆದುದರಿಂದಲೇ ಸಂಪ್ರದಾಯದ ಬೋಧನೆಯಲ್ಲಿ ಕಂಠಕ್ಕೆ ಮೊದಲ ಸ್ಥಾನ. ಪುರಂದರದಾಸರು ರೂಪಿಸಿದರೆಂದು ಹೇಳಲಾಗುವ ಸರಳೆ, ಜಂಟಿ, ಅಲಂಕಾರಗಳನ್ನು ಹಾಡಿ, ಅನಂತರ ನುಡಿಸಬೇಕು. ಕೊಳಲಿನೊಳಗೆ ನಾಲಗೆಯ ತಟ್ಟಿನಿಂದ ಸ್ವರಗಳನ್ನು ಬಿಡಿಸುವುದಕ್ಕೆ ತುತ್ತುಕಾರವೆಂದು ಹೆಸರು. ಪದದ ಅಕ್ಷರಗಳು ಎಲ್ಲಿ ತೊಡಗುತ್ತವೆಯೆಂಬುದನ್ನು ಅದು ಸೂಚಿಸಬಲ್ಲುದು. ಉಸಿರಿನ ನಿಲುಗಡೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ‘ಕಲ್ಲುಸಕ್ಕರೆ’ ಎಂಬ ಸಮಾಸದ ನಡುವೆ ಉಸಿರೆಳೆದರೆ ಕೇಳುವವನಿಗೆ ಮೊದಲು ದೊರೆಯುವುದು ಬರಿಯ ಕಲ್ಲು. ಸಕ್ಕರೆ ತಡವಾಗಿ ಬರುತ್ತದೆ. ಬೆರಳು ತಪ್ಪದಿದ್ದರೂ ಅರ್ಥ ಮುರಿಯುತ್ತದೆ. ಈ ದೋಷವನ್ನು ಭಾಷಾಜ್ಞಾನವೊಂದೇ ತಿದ್ದಬಲ್ಲುದು.

ನಮ್ಮ ಛಂದಸ್ಸಿನಲ್ಲಿ ಉಸಿರಿನ ಈ ತಂಗುದಾಣಕ್ಕೆ ಯತಿಯೆಂದು ಹೆಸರು. ಕನ್ನಡ ಕವಿಗಳು ಯತಿಯ ಕಟ್ಟಳೆಯನ್ನು ಬಹುಮಟ್ಟಿಗೆ ಮೀರಿ, ಅರ್ಥದ ಓಟಕ್ಕೆ ಮನ್ನಣೆಯಿತ್ತರು. ಆ ಚರ್ಚೆ ನಮಗೆ ದೂರದ್ದಲ್ಲ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡದ ದಡವನ್ನು ತಾಕುತ್ತದೆ. ಅದುವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ‘ಕವಿರಾಜಮಾರ್ಗ’ವು ಹುಟ್ಟಿದ ಆಸ್ಥಾನ.

ಐಚ್ಛಿಕ ಕನ್ನಡದಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದಕ್ಕೆ ಸಂಗೀತವು ಕೊಡುವ ಉತ್ತರ ಸ್ಪಷ್ಟವಾಗಿದೆ. ತ್ಯಾಗರಾಜರ ಕೃತಿಗಳಲ್ಲಿ ಹೆಚ್ಚಿನವು ತೆಲುಗಿನವು. ಪುರಂದರ, ಕನಕರ ಕೀರ್ತನೆಗಳು ಕನ್ನಡದವು. ಎರಡೂ ನುಡಿಗಳ ನಡುವೆ ಬೆಳೆದವನಿಗೆ ಈ ಎರಡು ಭಂಡಾರಗಳ ಬಾಗಿಲೂ ತೆರೆದಿರುತ್ತದೆ. ಇತರರು ಕಂಠಪಾಠ ಮಾಡುವುದನ್ನು ಅವನು ಅರ್ಥಮಾಡಿಕೊಂಡು ನುಡಿಸಬಲ್ಲನು.

ಕೊಳಲನ್ನು ಕೈಯಲ್ಲಿ ಹಿಡಿಯದವರೂ ಇದನ್ನು ಪರೀಕ್ಷಿಸಬಹುದು. ದೇವರನಾಮವೊಂದನ್ನು ಆರಿಸಿಕೊಂಡು ಸಂಧಿ, ಸಮಾಸಗಳನ್ನು ಬಿಡಿಸಿರಿ. ಉಸಿರಿಗೆ ಎಡೆಯಿರುವಲ್ಲಿ ಗೆರೆಯೆಳೆಯಿರಿ. ಬಳಿಕ ಅದೇ ಕೀರ್ತನೆಯನ್ನು ನುರಿತವರ ಕೊಳಲಿನಲ್ಲಿ ಆಲಿಸಿರಿ. ನಿಮ್ಮ ಗೆರೆಗಳಿಗೂ ವಾದಕನ ಉಸಿರಿಗೂ ಎಷ್ಟು ಹೊಂದಿಕೆಯಿದೆಯೆಂಬುದನ್ನು ನೋಡಿದರೆ, ವ್ಯಾಕರಣದ ಪಾಠವು ನಾದದಲ್ಲಿ ಹೇಗೆ ಕೆಲಸ ಮಾಡುತ್ತದೆಯೆಂಬುದು ತಿಳಿಯುವುದು.